ನಾಲ್ಕನೆಯ ಹಗ್ಗ

ಗುರುವಾರ ಏಳೂವರೆಗೆ ಗೋಪುರದ ಬಾಗಿಲು ತೆರೆದಿರುತ್ತದೆ.
ಮೂವತ್ತೆಂಟು ಸುತ್ತುಮೆಟ್ಟಿಲು, ಬಾವಲಿ ಹಿಕ್ಕೆಯ ವಾಸನೆ,
ಮೇಲೊಂದು ಹೀಟರ್, ತಗಡಿನ ಬಿಸ್ಕತ್ತು ಡಬ್ಬಿ,
ಸೂರಿನಿಂದ ಇಳಿಬಿದ್ದ ಆರು ಹಗ್ಗ.

ನನ್ನದು ನಾಲ್ಕನೆಯದು.

ಕಲಿಯಬೇಕಾದ ವರಸೆಯ ಹೆಸರು ಲಂಡನ್.
ಆ ಊರನ್ನು ಎರಡು ಸಲ ನೋಡಿದ್ದೇನೆ,
ಅಲ್ಲಿ ದಾರಿ ತಪ್ಪಿದರೆ ಯಾರನ್ನಾದರೂ ಕೇಳಬಹುದು.
ಇಲ್ಲಿ ಕೇಳುವಷ್ಟರಲ್ಲಿ ಗಂಟೆ ಬಡಿದಾಗಿರುತ್ತದೆ.

ಕಾಗದದಲ್ಲಿ ಅದೊಂದು ನೀಲಿ ಗೆರೆ.
ನಿಂತು, ಒಂದು ಹೆಜ್ಜೆ ಸರಿದು, ನೆನಪಾದಂತೆ ಹಿಂದಿರುಗಿ,
ಕುಡಿದವನೊಬ್ಬ ಮನೆ ಸೇರಿದ ಹಾಗೆ
ಹೇಗೋ ಕೆಳಗೆ ತಲುಪುತ್ತದೆ.
ಮೂರು ತಿಂಗಳು ಮಗ್ಗಿಯಂತೆ ಉರುಹೊಡೆದೆ
ಕುರಿಗಳಿಗೆ ಚುಚ್ಚುಮದ್ದು ಹಾಕುತ್ತ,
ದಂತವೈದ್ಯರ ಕುರ್ಚಿಯಲ್ಲಿ ಬಾಯಿ ಕಳೆದುಕೊಂಡು.
ಮೀನಿನ ಬಾಲ ಅನ್ನುವ ತಿರುವಿನಲ್ಲಿ
ಪ್ರತಿಸಲವೂ ಮುಗ್ಗರಿಸಿದೆ.

"ಉಣ್ಣೆಹಿಡಿಯಲ್ಲಿ ಮಾಡುತ್ತಿದ್ದುದನ್ನು
ಹಗ್ಗದ ತುದಿಯಲ್ಲಿ ಮಾಡು. ಎಡಗೈಲಿ ರುಜು ಹಾಕಿದ ಹಾಗೆ,"
ಅಂದಳು ಮ್ಯೂರಿಯಲ್ ಥ್ರಸೆಲ್. ಎಂಬತ್ತಮೂರು ಅವಳಿಗೆ.
ಪಾಠ ಅಷ್ಟೇ. ಮತ್ತೆ ಹೆಣಿಗೆಗೆ ಕೈ ಹಾಕಿದಳು.

ಮೇಲೆ ಕತ್ತಲಲ್ಲಿ ನಾಲ್ಕೂವರೆ ಕ್ವಿಂಟಲ್ ಕಂಚು
ಬಾಯಿ ಆಕಾಶಕ್ಕೆ ತೆರೆದು
ತುದಿಗಾಲಲ್ಲಿ ನಿಂತಿದೆ.
ಅದನ್ನು ಎಳೆಯುವುದು ಅಂತಿಲ್ಲ,
ಅದು ಬೀಳಬೇಕೆಂದುಕೊಳ್ಳುವ ಗಳಿಗೆ ಕಾಯಬೇಕು.

ಗಾರ್ತ್ ಪೆನ್‌ಫೋಲ್ಡ್ ಕೂಗಿದ. ಹೊರಟೆವು.
ಒಂದು ಸುತ್ತು. ಎರಡು. ಉಸಿರಾಡುವುದು ನೆನಪಾಯಿತು,
ಅದೇ ತಪ್ಪಾಯಿತು.
ಮೂರನೆಯದರಲ್ಲಿ ಗೆರೆ ಪಟ್ಟನೆ ಹರಿದು
ಎದುರಿನ ಐದು ಹಗ್ಗ ಬರೀ ಐದು ಹಗ್ಗವಾದವು,
ಬಟ್ಟೆ ಒಣಗಿಸಲೂ ಬಾರದವು.
ನಾನು ಎಲ್ಲಿದ್ದೆನೋ ಅಲ್ಲಿ ಮತ್ತೊಬ್ಬರಿದ್ದರು.
ನಿಲ್ಲಿಸಿ ಅನ್ನಲು ಗಾರ್ತ್ ಬಾಯಿ ತೆರೆದ.

ಆಗ ಮ್ಯೂರಿಯಲ್, ಕೈಯ ಲಯ ಕೆಡಿಸದೆ,
ಒಂದು ಹುಬ್ಬು ಎತ್ತಿದಳು,
ಕಿಕ್ಕಿರಿದ ಬೆಂಚಿನಲ್ಲಿ ಸರಿದು ಜಾಗ ಮಾಡುವವರಂತೆ.
ಅವಳ ಬೆನ್ನಿಗೇ ನನ್ನ ಗಂಟೆ ಬಿತ್ತು.
ಸರಿಯಾಗಿ ಬಿತ್ತು.
ಆಮೇಲಿನದು ನನಗೆ ಗೊತ್ತಿಲ್ಲ; ಕೈಗಳಿಗೆ ಗೊತ್ತಿರಬೇಕು.
ನೂರಿಪ್ಪತ್ತು ಸರದಿ ಮುಗಿದು
ಆರೂ ಗಂಟೆ ಮೊದಲಿನ ಸಾಲಿಗೆ ಬಂದಾಗ
ಅಂಗೈ ಸುಡುತ್ತಿತ್ತು.

ಕೆಳಗೆ ಮೀನು ಕರಿಯುವ ಅಂಗಡಿಯಲ್ಲಿ ಲೆಸ್ಟರ್ ಕೇಳಿದ:
"ಇವತ್ತೂ ಅದೇ ರಾಗವಾ?"
ನನ್ನ ತಪ್ಪನ್ನು ಮೂರು ಮೈಲಿಗೆ ಸಾರಿ ಬಂದಿದ್ದೆ,
ಒಂದು ನಾಯಿಗೂ ತಿಳಿದಿರಲಿಲ್ಲ.
ವಿನೆಗರ್ ಜಾಸ್ತಿ ಹಾಕು ಅಂದೆ.

ಇಷ್ಟು ಹೇಳಲು ಮರೆತೆ:
ಮೊಣಕಾಲು ನೋವಿನಿಂದ ಮ್ಯೂರಿಯಲ್
ಗೋಪುರದ ಮೆಟ್ಟಿಲನ್ನು ಹಿಮ್ಮುಖವಾಗಿಯೇ ಇಳಿಯುತ್ತಾಳೆ.
ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ, ಟಾರ್ಚು ಹಿಡಿದು, ನಾನು.
"ಬರುವ ವಾರ ಐದನೆಯದು," ಅಂದಳು
ಗೋಡೆಗೆ, ಅಥವಾ ನನಗೆ.