ಮುಟ್ಟದ ಕಲ್ಲು

ಗ್ಯುಮ್ರಿಯಲ್ಲಿ ನನ್ನದು ಸತ್ತವರ ಮುಖ ತಿದ್ದುವ ಕೆಲಸ.
ಗೋರಿಕಲ್ಲಿಗೆ ಹೋಗುವ ಮುನ್ನ ಎಲ್ಲರೂ
ಒಂದೆರಡು ದಿನ ನನ್ನ ಪರದೆಯ ಮೇಲೆ ತಂಗುತ್ತಾರೆ.
ಹೊರಗೆ ಹಿಮ. ಒಳಗೆ ಹೀಟರಿನ ಒಂದೇ ಕೆಂಪು ಸಲಾಕೆ.

ಅರುಸ್ಯಾಕ್ ತಂದದ್ದು ಮದುವೆಯೂಟದ ಫೋಟೋ:
ಗಂಡ ವಾಘಿನಾಕ್, ಕಪ್ಪು ಕೋಟು, ಕೈಯಲ್ಲಿ ಗ್ಲಾಸು,
ಏನೋ ಹೇಳಹೊರಟು ನಗು ತಡೆದ ಬಾಯಿ.
ಎಡಭುಜದ ಮೇಲೆ ಇನ್ಯಾರದೋ ಕೈ,
ಹೆಬ್ಬೆರಳ ಉಗುರು ಸುತ್ತಿಗೆಯೇಟಿಗೆ ಕಪ್ಪಿಟ್ಟಿದೆ.
"ಗ್ಲಾಸು ತೆಗಿ. ಆ ಕೈಯನ್ನೂ ತೆಗಿ."
ಯಾರದೆಂದು ನಾನು ಕೇಳಲಿಲ್ಲ.
"ಮೈದುನನದು," ಎಂದಳು. "ಮಣ್ಣಿಗೂ ಬರಲಿಲ್ಲ."

ನನ್ನ ಕೆಲಸಕ್ಕೊಂದು ಮಡಿಯಿದೆ:
ಮೂಲವನ್ನು ಮುಟ್ಟುವಂತಿಲ್ಲ.
ಬೆಳಕು ಏರಿಸಿದ್ದು, ನೆರಳು ಇಳಿಸಿದ್ದು,
ಮದುವೆಮನೆ ದೀಪದ ಕಾಮಾಲೆ ಕಳೆದದ್ದು
ಎಲ್ಲ ಪಕ್ಕದ ಚೀಟಿಯಲ್ಲಿ ಬರೆದಿಟ್ಟ ಲೆಕ್ಕ.
ಚೀಟಿ ಹರಿದರೆ ಚಿತ್ರ ಹುಟ್ಟಿದ ದಿನದ ಹಾಗೇ.
ಮೇಲೊಂದು ಪದರ, ಪದರಕ್ಕೊಂದು ಮುಸುಕು:
ಕಪ್ಪು ಬಳಿದರೆ ಮರೆ,
ಬಿಳಿ ಬಳಿದರೆ ಬಯಲು.

ಬರೀ ಮಡಿಯಲ್ಲೇ ಅಡುಗೆಯಾಗುತ್ತದೆಯೇ?
ಕೈ ಮರೆಯಾದಲ್ಲಿ ತೂತು. ಅಲ್ಲಿ ಭುಜ ಬೇಕು.
ಬಲತೋಳಿನಿಂದ ಬಟ್ಟೆ ಕದ್ದು,
ನೇಯ್ಗೆಗೆ ನೇಯ್ಗೆ ಕೂಡಿಸಿ, ಹೊಲಿಗೆ ಕಾಣದಂತೆ ಉಜ್ಜಿ,
ಪಿಕ್ಸೆಲ್ ಒಂದೊಂದನ್ನೇ ಕೊಂದು
ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದೆ.
ಇದಕ್ಕೆ ಚೀಟಿಯಿಲ್ಲ. ಉಜ್ಜಿದ್ದು ಉಜ್ಜಿದ್ದೇ.
ಅದಕ್ಕೇ ನಕಲಿನ ಮೇಲಷ್ಟೇ ಚಾಕು ಹಿಡಿಯುತ್ತೇನೆ.

ಕೊನೆಗೆ ಪದರಗಳೆಲ್ಲ ತಟ್ಟಿ ಒಂದೇ ಹಾಳೆ,
ಬಣ್ಣ ಹೋಗಿ ಬೂದಿ, ಬೂದಿ ಒಡೆದು ಚುಕ್ಕಿ.
ಸೂಜಿಗೆ ಎರಡೇ ಮಾತು ಗೊತ್ತು:
ಕುಟ್ಟು, ಬಿಡು.

ಮ್ನಾತ್ಸಕಾನನ ಕೊಟ್ಟಿಗೆಯಲ್ಲಿ ಕಪ್ಪು ಕಲ್ಲು
ಕನ್ನಡಿಯಂತೆ ಮಲಗಿತ್ತು. ಎರಡು ಹಗಲು
ಟಕ ಟಕ ಟಕ. ಬಿಳಿ ಹುಡಿ ಅವನ ಹುಬ್ಬಿನ ಮೇಲೆ.
"ಶೋಗಿಕ್, ನಿನ್ನ ಹತ್ತಿರ ಹಿಂದಕ್ಕೆ ತಿರುಗಿದ ಬಾಣವಿದೆ.
ನನ್ನ ಹತ್ತಿರ ಕೆಮ್ಮಿದೆ."

ಒಂದೂವರೆ ವರ್ಷ.
ಅರುಸ್ಯಾಕ್ ಮತ್ತೆ ಬಂದು
ಹಿಪ್ಪುನೇರಳೆ ಪಾಕದ ಬಾಟಲಿ ಮೇಜಿನ ಮೇಲಿಟ್ಟಳು.
"ಆ ಕೈ ಮತ್ತೆ ಹಾಕೋಕಾಗುತ್ತಾ?"
ಮೈದುನ ಬಂದಿದ್ದನಂತೆ. ಚಳಿಗಾಲಕ್ಕಾಗುವಷ್ಟು ಸೌದೆ ಒಡೆದು
ಗೋಡೆಗೆ ಒಟ್ಟಿ ಹೋದನಂತೆ. ಮಾತಿಲ್ಲ.
ಚಹಾ ಆರಿತಂತೆ.

ಹಳೆಯ ಫೋಲ್ಡರ್ ತೆರೆದೆ. ತೇಪೆಯ ಪದರದ ಕಣ್ಣು ಮುಚ್ಚಿ
ಮುಸುಕಿನ ಮೇಲೆ ಬಿಳಿ ಕುಂಚ ಎಳೆದೆ.
ಬಂತು ಕೈ, ಉಗುರಿನ ಸಮೇತ,
ಪಕ್ಕದ ಕೋಣೆಗೆ ಹೋಗಿ ಬಂದಷ್ಟು ಸಲೀಸಾಗಿ.
ನನಗೇನು, ನಾನು ತರಬಲ್ಲೆ.
ಕಲ್ಲು?

ಮ್ನಾತ್ಸಕಾನ್ ಗೋರಿಯೆದುರು ಮೊಣಕಾಲೂರಿ
ಭುಜವನ್ನು ಬೆರಳಲ್ಲಿ ಸವರಿದ. ತುಂಬಾ ಹೊತ್ತು ಸವರಿದ.
"ಕುಟ್ಟಿದಲ್ಲಿ ಬಿಳಿ. ಕೆನ್ನೆ, ಕಾಲರು, ಹಲ್ಲು,
ಅವನ್ನು ಇನ್ನು ದೇವರೂ ತುಂಬಲಾರ.
ಆದರೆ ಕೋಟು ಕಪ್ಪು. ಕಪ್ಪೆಂದರೆ ಸೂಜಿ ತಾಗಿಲ್ಲ.
ಈ ಭುಜ ನಾನು ಕೆತ್ತಿಯೇ ಇಲ್ಲ, ತಾಯಿ."

ರಾತ್ರಿಯಿಡೀ ನಾನು ಕದ್ದು ಹೊಲಿದ ನೇಯ್ಗೆ
ಕಲ್ಲಿಗೆ ಬೇಕೇ ಇರಲಿಲ್ಲ.
ನಗು ಬಂತು. ಗೋರಿಗಳ ನಡುವೆ ನಗಬಾರದೆಂದು
ಕೈಗವಸು ಕಚ್ಚಿಕೊಂಡೆ.

ಅವನು ಕೈಸೂಜಿ ತೆಗೆದ. ಯಂತ್ರವಿಲ್ಲ, ಬರೀ ಕಣ್ಣಳತೆ.
ನನ್ನ ಮುದ್ರಿತ ಹಾಳೆಯನ್ನು ನಾಲ್ಕು ಬೆಣಚುಕಲ್ಲು ಒತ್ತಿ ಹಿಡಿದಿದ್ದವು.
ಗೆಣ್ಣು, ಗೆಣ್ಣಿನ ಸುಕ್ಕು, ಹೆಬ್ಬೆರಳು.
"ಉಗುರು ಸರಿಮಾಡಲೇ?"
ಅರುಸ್ಯಾಕ್ ತಲೆಯಲ್ಲಾಡಿಸಿದಳು.
ಕಡಲೆಬೇಳೆಯಷ್ಟು ಕಲ್ಲು ಬಿಟ್ಟು
ಸುತ್ತ ಕುಟ್ಟಿದ.

ಮಣಿಕಟ್ಟಿನಾಚೆ ಕಲ್ಲಿನ ಅಂಚು, ಅಂಚಿನಾಚೆ ಗಾಳಿ.

ಅಂಗಡಿಗೆ ಮರಳಿ ಫೈಲು ಮುಚ್ಚುವಾಗ ಕಂಡಿತು
ಇನ್ನೊಂದು ಮುಸುಕು. ಅದರಡಿ ಗ್ಲಾಸು,
ಮುಕ್ಕಾಲು ತುಂಬಿ, ಅಂಚಿನಲ್ಲಿ ದೀಪ ಹೊತ್ತು.
ಅದನ್ನಿನ್ನೂ ಯಾರೂ ಕೇಳಿಲ್ಲ.