ಇಸ್ತ್ರಿ ಮೇಜಿನ ಎರಡು ಬದಿ

ರೂವಿಯ ಹಿಂಗಲ್ಲಿ. ಅಂಗಿಗೆ ನೂರು ಬೈಸ,
ದಿಶ್‌ದಾಶಾಕ್ಕೆ ಇನ್ನೂರು, ಕಲೆ ಇದ್ದರೆ ಮಾತಾಡಿ.
ಜೆರ್ಸಿಯ ಬೆನ್ನಿಗೆ ಅಂಕಿ ಒತ್ತುವ ಬಿಸಿಹಲಗೆಯೂ ಇದೆ.
ಹಾಗಾಗಿ ಯಾರು ಬಂದರು, ಯಾರನ್ನು ಬಿಟ್ಟರು
ಎಲ್ಲರಿಗಿಂತ ಒಂದು ದಿನ ಮೊದಲು ನನಗೆ ಗೊತ್ತು.

ಗುರುವಾರ ರಾತ್ರಿ ಇಬ್ಬರೂ ಬರುತ್ತಾರೆ.
ಮೇಜಿನ ಆ ಬದಿಗೆ ಹಸನಬ್ಬ, ಮವಾಲೆಯ ತರಕಾರಿ ಪಿಕಪ್ಪು,
ಉಗುರಿನಲ್ಲಿ ಇನ್ನೂ ಈರುಳ್ಳಿ ಸಿಪ್ಪೆ.
ಈ ಬದಿಗೆ ವಲೇರಿಯನ್, ಏಸಿ ರಿಪೇರಿ,
ಏಣಿಯನ್ನು ಹೊರಗೆ ಗೋಡೆಗೆ ಒರಗಿಸಿ.
ಅವನದು ಗುಡ್ಡದ ಕಾಲೇಜು, ಇವನದು ಹೊಳೆಬದಿಯದು.
ಎರಡರ ಹಳೆ ವಿದ್ಯಾರ್ಥಿಗಳಿಗೂ ಇಲ್ಲಿ ಫುಟ್‌ಬಾಲ್ ತಂಡ,
ವಾದಿ ಕಬೀರಿನ ಕಲ್ಲುಮೈದಾನದಲ್ಲಿ ಶುಕ್ರವಾರದ ಯುದ್ಧ.

ಕಾಲೇಜು ಅಂದೆನಲ್ಲ,
ವಲೇರಿಯನ್ ಓದಿದ್ದು ಒಂದೇ ವರ್ಷ, ಹಾಜರಾತಿ ಸಾಲದೆ ಹೊರಬಿದ್ದ.
ಹಸನಬ್ಬ ಒಳಗೇ ಹೋದವನಲ್ಲ: ಹದಿನಾಲ್ಕು ವರ್ಷ
ಗೇಟಿನೆದುರು ಐಸ್‌ಕ್ಯಾಂಡಿ ಮಾರಿದ್ದ.
"ಪ್ರಿನ್ಸಿಪಾಲರು ಐದು ಜನ ಬದಲಾದರು, ನಾನು ಬದಲಾಗಲಿಲ್ಲ ಮಾರಾಯ."

ನಾನು ಗಂಗಾವತಿ ಕಡೆಯವ. ಕಾಲಲ್ಲಿ ಚೆಂಡು ಒದೆಯುವುದಕ್ಕೆ
ಗುರು ಯಾಕೆ ಬೇಕು ಎಂದು ಒಮ್ಮೆ ಕೇಳಿ
ಇಬ್ಬರಿಂದಲೂ ಬೈಸಿಕೊಂಡಿದ್ದೇನೆ. ಅವರು ಒಪ್ಪಿದ್ದು ಅದೊಂದನ್ನೇ.

ಈ ಸಲದ ಜಗಳ ಕೋಚ್ ಬಾಬಿಕರನದು.
ಸೂಡಾನಿನವ, ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು,
ಹೊಳೆಬದಿಯವರಿಗೆ ಮೂರು ಕಪ್ಪು ಗೆದ್ದುಕೊಟ್ಟವ.
ಗುಡ್ಡದವರು ನಲವತ್ತು ರಿಯಾಲು ಹೆಚ್ಚು ಅಂದರು, ಹಾರಿಸಿದರು.
"ಕದ್ದಿರಿ."
"ಕದಿಯಲಿಕ್ಕೆ ಅವನೆಂತ ಹಲಸಿನಹಣ್ಣಾ? ಕಾಲಿತ್ತು, ನಡೆದು ಬಂದ."
"ಬಂದ ಮೇಲೆ ಮೂರು ಮ್ಯಾಚು ಸೋತಿರಲ್ಲ?"
"ಅದು ನಿಮ್ಮ ಶಾಪ."
"ನಮ್ಮ ಶಾಪಕ್ಕೆ ಅಷ್ಟು ಬಲ ಇದ್ದರೆ ನಾನು ಏಣಿ ಹೊರುತ್ತಿದ್ದೆನಾ?"
ನಾಲ್ಕನೆಯ ಸೋಲಿಗೆ ಬಾಬಿಕರನನ್ನು ಬಿಟ್ಟರು.
ಬದಲಿಗೆ ಪಟ್ಟಾಳದಿಂದ ನಿವೃತ್ತನಾದ ಒಬ್ಬ ಮಲಯಾಳಿ,
ಬಲು ಶಿಸ್ತಂತೆ, ಮೊದಲು ಬೀಡಿ ಬಿಡಿಸುತ್ತಾನಂತೆ.

ಆಮೇಲೆ ಬಂತು ಒಂಬತ್ತನೇ ನಂಬರು.
ಪೊಟ್ಟಣದಲ್ಲಿ ಹೆಸರಿನ ಚೀಟಿ: ಪ್ರಜ್ವಿನ್.
ಇಪ್ಪತ್ತಮೂರರ ಹುಡುಗ, ವಿಸಿಟ್ ವೀಸಾ, ಗೆದ್ದರೆ ಗೋದಾಮಿನಲ್ಲಿ ಕೆಲಸ,
ಎಡಗಾಲು ಬಂಗಾರ ಎಂದು ಕಡಲದಂಡೆಯಿಂದ ಆರಿಸಿ ತಂದದ್ದು.
ಗುಡ್ಡದ ಕಾಲೇಜಿನ ಹಳೆ ವಿದ್ಯಾರ್ಥಿ ಎಂದು ಸರ್ಟಿಫಿಕೇಟು,
ಸೀಲು ಇನ್ನೂ ಒಣಗಿರಲಿಲ್ಲ.

ವಲೇರಿಯನ್ ಆ ರಾತ್ರಿ ಕೂಗಾಡಲಿಲ್ಲ. ಮೆಲ್ಲಗೆ ಕೇಳಿದ:
"ಹಸನಬ್ಬ, ನೀನು ಇಲ್ಲಿಗೆ ಬಂದು ಮೂರು ವರ್ಷ.
ಅದಕ್ಕೆ ಮೊದಲು ದಿನಾ ಗೇಟಿನಲ್ಲಿದ್ದೆ.
ಈ ಹುಡುಗ ಒಳಗೆ ಹೋದದ್ದು ಕಂಡಿದ್ದೀಯಾ?"

ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೆ. ಹಬೆ ಸುಯ್ಯೆಂದಿತು.
ಯಾವ ಹುಡುಗ ಕಿತ್ತಳೆ, ಯಾವ ಹುಡುಗಿ ದ್ರಾಕ್ಷಿ,
ಯಾರು ಸಾಲ ಬರೆಸಿ ಪರೀಕ್ಷೆಯ ದಿನ ತೀರಿಸಿದರು
ಎಲ್ಲ ನೆನಪಿರುವ ಮನುಷ್ಯ
ಸುಲೈಮಾನಿಯ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದ.
"ಆ ದಿನ ಮಳೆ ಇತ್ತು," ಅಂದ. "ಮಳೆಗೆ ನನಗೆ ರಜೆ."
"ವರ್ಷಪೂರ್ತಿ ಮಳೆಯಾ?"
"ಆ ವರ್ಷ ಹಾಗೆಯೇ."

ವಲೇರಿಯನ್ ನಗಲಿಲ್ಲ. ಹೊರಗೆ ಹೋಗಿ ಏಣಿ ಹೆಗಲಿಗೇರಿಸಿದ,
ಮತ್ತೆ ಇಳಿಸಿ ಒಳಬಂದ. ಗೋಡೆ ನೋಡಿದ.
ಅಲ್ಲಿ ತೂಗುತ್ತಿತ್ತು ಬಾಬಿಕರನ ನೀಲಿ ಟ್ರ್ಯಾಕ್‌ಸೂಟು,
ಒಯ್ಯುವವರಿಲ್ಲದೆ ಐದು ವಾರ. ಕಿಸೆಯಲ್ಲಿ ಸಿಕ್ಕ ಸೀಟಿಯನ್ನು
ಹ್ಯಾಂಗರಿನ ಕೊಕ್ಕೆಗೆ ನಾನೇ ಕಟ್ಟಿದ್ದೆ.
"ಎಷ್ಟು ಬಾಕಿ?" ಎಂದ ವಲೇರಿಯನ್.
"ನಾನು ಕೊಡ್ತೇನೆ. ಬಿಟ್ಟದ್ದು ನಾವು."
"ಕಪ್ಪು ತಂದದ್ದು ನಮಗೆ."
ಮುನ್ನೂರು ಬೈಸಕ್ಕೆ ಹತ್ತು ನಿಮಿಷ ಜಗಳ.
ಕೊನೆಗೆ ಇಬ್ಬರೂ ಕೊಟ್ಟರು; ಹೆಚ್ಚಾದದ್ದನ್ನು ನಾನು ಹಿಂದಿರುಗಿಸಲಿಲ್ಲ.

ಸೂಟು ಮುಟ್ಟಿಸುವುದು ಯಾರು, ಅದು ಇನ್ನೂ ತೀರ್ಮಾನವಾಗಿಲ್ಲ.
ಏಸಿಯ ಗಾಳಿಗೆ ಸೀಟಿಯೊಳಗಿನ ಗುಂಡು ಆಗಾಗ ಅಲುಗುತ್ತದೆ.
ಬಟ್ಟೆ ಎಳೆದು ಸರಿಮಾಡಿ ಒಂಬತ್ತನ್ನು ನೇರ ಇಟ್ಟೆ.
ಹಲಗೆ ಎತ್ತುವ ಮೊದಲು ಹನ್ನೆರಡು ಎಣಿಸಬೇಕು.