ಮೊದಲ ಮೂವತ್ತು ಸೆಕೆಂಡು

ಮೊದಲ ಮೂವತ್ತು ಸೆಕೆಂಡಿಗೆ ದನಿ ಇರುವುದಿಲ್ಲ.
ಪೊಲೀಸರ ಎದೆಗೆ ಸಿಕ್ಕಿಸಿದ ಕ್ಯಾಮೆರಾದ ಜಾಯಮಾನವೇ ಹಾಗೆ:
ಗುಂಡಿ ಒತ್ತುವುದಕ್ಕೆ ಮುಂಚಿನದನ್ನು
ನೋಡಿರುತ್ತದೆ, ಕೇಳಿರುವುದಿಲ್ಲ.

ನನ್ನ ಕೆಲಸ, ಕೇಳಿದ್ದನ್ನು ಬರೆಯುವುದು.
ಒಹಾಯೋದ ಟೊಲೀಡೋ, ಲಾಂಡ್ರಿಯ ಮೇಲೊಂದು ಕೋಣೆ,
ಕಾಲಡಿ ಒಂದು ಪೆಡಲು, ಕಿವಿಗೆ ಎರಡು ಬಟ್ಟಲು.
ನಿಮಿಷಕ್ಕೆ ಒಂದು ಡಾಲರು ಹತ್ತು ಸೆಂಟು.
ಮೌನಕ್ಕೂ ಅದೇ ದರ.

ಮಂಗಳವಾರದ ಕಡತ: ಡಾರ್ ಬೀದಿ, ರಾತ್ರಿ ಹನ್ನೊಂದೂ ನಲವತ್ತು.
ಅಧಿಕಾರಿ ನೊವಿಟ್ಸ್ಕಿ; ಇಪ್ಪತ್ತೇಳಂತೆ, ದನಿ ಇನ್ನೂ ಚಿಕ್ಕದು.
ಆರ್ಲೋ ಬಿವೆನ್ಸ್, ಐವತ್ತೊಂದು,
ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುವವನು.

ಮೊದಲು ಮೂಕಚಿತ್ರ.
ಟಾರ್ಚಿನ ಬೆಳಕಲ್ಲಿ ಆರ್ಲೋನ ಬಾಯಿ ಆಡುತ್ತದೆ,
ತುಸು ನಕ್ಕಂತೆಯೂ ಇದೆ.
ಮುಖದಿಂದ ಏನೋ ಕೆಳಗೆ ಬೀಳುತ್ತದೆ, ಸದ್ದಿಲ್ಲದೆ.
ಬಗ್ಗುತ್ತಾನೆ.
ಆಗ ಟಕ್ಕನೆ ಲೋಕಕ್ಕೆ ಕಿವಿ ಬರುತ್ತದೆ:
ಕೈ ತೋರಿಸು, ಕೈ ತೋರಿಸು, ಕೈ
ಅದರಡಿ, ರೇಡಿಯೊದ ಗೊರಗೊರದಡಿ, ಇನ್ನೊಂದು ದನಿ.
ಹದಿನಾಲ್ಕು ಸಲ ಹಿಂದಕ್ಕೆ ಓಡಿಸಿ ಕೇಳಿದೆ.
ಕನ್ನಡಕ. ನನ್ನ ಕನ್ನಡಕ ಬಿತ್ತು.

ಆಮೇಲಿನ ಮೂರು ಗುಂಡಿಗೆ ಪೆಡಲು ಬೇಕಾಗಲಿಲ್ಲ.

ಮೇಲ್ವಿಚಾರಕಿ ಗ್ರೆಚೆನ್ ಫೋನು ಮಾಡಿದಳು.
ಅನುಮಾನ ಇದ್ದಲ್ಲಿ ಅಸ್ಪಷ್ಟ ಎಂದು ಬರಿ.
ಅನುಮಾನವಿಲ್ಲ, ಎಂದೆ.
ನಿನಗಿಲ್ಲ, ಎಂದಳು.

ಇದು ಗಾಜಿನ ಊರು.
ಒಂದು ಕಾಲಕ್ಕೆ ಅರ್ಧ ದೇಶದ ಬಾಟಲಿ, ಕಿಟಕಿ, ಕಾರಿನ ಮುಂಗಾಜು
ಇಲ್ಲಿ ಕಾದು ಕೆಂಪಾಗಿ ಆರಿದವು.
ಶುಕ್ರವಾರ ರಾತ್ರಿ ಆ ಗಾಜೆಲ್ಲ ಬೀದಿಗಿಳಿಯಿತು.
ಬ್ಯಾಂಕಿನದು ಮೊದಲು, ಪಾದರಕ್ಷೆ ಅಂಗಡಿಯದು ಆಮೇಲೆ,
ಕೊನೆಗೆ ಪಾಪದ ಹಳೇ ಬೇಕರಿಯದೂ;
ಸಿಟ್ಟಿಗೆ ವಿಳಾಸ ಓದಲು ಪುರಸೊತ್ತೆಲ್ಲಿ?
ಹೊಗೆ ನನ್ನ ಕಿಟಕಿಯ ಸಂದಿನಿಂದ ಬಂದು
ಮೇಜಿನ ಮೇಲಿನ ಕಾಫಿಗೂ ಕಣ್ಣೀರು ತರಿಸಿತು.

ಮೆರವಣಿಗೆಯ ಮುಂದೆ ಅವನ ಅಕ್ಕ, ಓಡೆಸ್ಸಾ.
ಅವಳ ಹಲಗೆಯಲ್ಲಿ ಒಂದಕ್ಷರವೂ ಇಲ್ಲ,
ದಾರದಲ್ಲಿ ಕಟ್ಟಿದ ಒಂದು ಕನ್ನಡಕ.
ಬುಧವಾರ ಬೆಳಿಗ್ಗೆ ಚರಂಡಿ ಸರಳಿನ ಬಳಿ ಸಿಕ್ಕಿತಂತೆ,
ಒಂದು ಕಡೆಯ ಗಾಜು ಇನ್ನೂ ಗಟ್ಟಿ.

ಭಾನುವಾರ ಅಧ್ಯಕ್ಷರು ಮಾತಾಡಿದರು. ಆ ಕಡತವೂ ನನಗೇ ಬಂತು.
ಹನ್ನೊಂದು ನಿಮಿಷ, ಒಂದು ಕಡೆಯೂ ಪೆಡಲು ಒತ್ತಲಿಲ್ಲ;
ಅಷ್ಟು ತಿಳಿಯಾದ ದನಿ.
ಕಿಟಕಿ ಒಂಬತ್ತು ಸಲ. ಅಂಗಡಿ ಏಳು. ಸುವ್ಯವಸ್ಥೆ ಹನ್ನೆರಡು.
ಬಿವೆನ್ಸ್ ಎಂದು ಹುಡುಕಿದೆ.
ಯಂತ್ರ ಕೇಳಿತು: ಕಾಗುಣಿತ ಸರಿಯಿದೆಯೇ?

ಹಿಂದಿನವರ ಭಾಷಣವನ್ನೂ ಟೈಪಿಸಿದ್ದೇನೆ. ಬೇರೆ ಊರು, ಬೇರೆ ಸತ್ತವನು.
ಅವರು ಹೆಸರು ಹೇಳಿದ್ದರು, ಮೂರು ಸಲ,
ಮೂರನೆಯದಕ್ಕೆ ಗಂಟಲು ಒದ್ದೆಯಾಗಿತ್ತು.
ಆಮೇಲೊಂದು ಸಮಿತಿ.
ಸಮಿತಿಯ ಕಡತ ನನಗೆ ಇನ್ನೂ ಬಂದಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ.
ಇಲ್ಲಿ ಹುಣ್ಣಿಗೆ ಕ್ಯಾಮೆರಾ ಬೇಕು,
ಕ್ಯಾಮೆರಾಕ್ಕೆ ನ್ಯಾಯಾಲಯದ ಅಪ್ಪಣೆ ಬೇಕು,
ಅಪ್ಪಣೆ ಬರುವಷ್ಟರಲ್ಲಿ
ಅಂಗೈ ಯಾರದೆಂದು ವಾದ ಶುರುವಾಗಿರುತ್ತದೆ.

ನಾನು ಕನ್ನಡಕ ಎಂದೇ ಬರೆದು ಕಳಿಸಿದೆ.
ಗ್ರೆಚೆನ್ ಅದನ್ನು ಏನು ಮಾಡಿದಳೋ ಗೊತ್ತಿಲ್ಲ.
ಹಣ ಮಾತ್ರ ಬಂತು, ಸದ್ದಿಲ್ಲದ್ದಕ್ಕೂ ಸೇರಿಸಿ:
ಆ ಮೂವತ್ತು ಸೆಕೆಂಡಿಗೆ ಐವತ್ತೈದು ಸೆಂಟು.

ತುಟಿ ಓದುವ ವಿದ್ಯೆ ನನಗಿಲ್ಲ.
ಆದರೂ ರಾತ್ರಿ ಕೆಳಗಿನ ಯಂತ್ರಗಳು ನಿಂತ ಮೇಲೆ
ಅದನ್ನು ಮತ್ತೆ ಹಾಕುತ್ತೇನೆ, ಬಿಟ್ಟಿಯಾಗಿ.
ಹುಬ್ಬು ಏರುತ್ತದೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ.
ಗುಡ್ ಈವ್ನಿಂಗ್ ಎಂದಿರಬೇಕು,
ಅಷ್ಟು ಹೊತ್ತಾಗಿದ್ದರೂ.